ನಟ್ ಸಾಕು, ಬೋಲ್ಟ್ ಬೇಡ

ಇದನ್ನು ಒಂದೇ ಹೆಬ್ಬೆರಳಲ್ಲಿ ಟೈಪ್ ಮಾಡ್ತಾ ಇದ್ದೇನೆ. ಇನ್ನೊಂದರ ತುದಿಯಲ್ಲಿ ನಿನ್ನೆ ರಾತ್ರಿಯ ಅಂಟು ಇನ್ನೂ ಗಟ್ಟಿಯಾಗಿ ಕೂತಿದೆ, ಫೋನಿಗೆ ನನ್ನ ಗುರುತೇ ಸಿಗುತ್ತಿಲ್ಲ. ಇಷ್ಟಕ್ಕೆಲ್ಲ ಕಾರಣ ಮಗಳ ಯುಕುಲೇಲಿ ಅನ್ನುವ ಪುಟ್ಟ ಗಿಟಾರಿನಂಥ ವಾದ್ಯ. ಸರಿಯಾಗಿ ಹೇಳಬೇಕೆಂದರೆ, ಅದರ ಕತ್ತಿನ ತುದಿಯಲ್ಲಿರುವ ಎರಡು ಬೆರಳಗಲದ ಒಂದು ಬಿಳಿ ಪಟ್ಟಿ.

ಆ ಪಟ್ಟಿಗೆ ನಟ್ ಅಂತ ಹೆಸರು. ತುಮಕೂರಿನಲ್ಲಿ ಈ ಹೆಸರು ಹೇಳಿ ನೋಡಿ. ಮಂಡಿಪೇಟೆಯ ಒಂದು ಅಂಗಡಿಯಲ್ಲಿ "ಯುಕುಲೇಲಿಗೆ ನಟ್ ಬೇಕಿತ್ತು" ಅಂದೆ. "ಎಷ್ಟು ಎಂಎಂ? ಬೋಲ್ಟ್ ಬೇಡ್ವಾ? ವಾಷರ್ ಹಾಕ್ಲಾ?" ಅಂದರು. ಬೇಡ ಅಂದಿದ್ದಕ್ಕೆ "ಲೂಸ್ ಆಗತ್ತೆ ಸಾರ್, ಆಮೇಲೆ ಬಂದು ನಮ್ಮನ್ನ ಅನ್ನಬೇಡಿ" ಅಂತ ಎಚ್ಚರಿಕೆ ಬೇರೆ.

ವಿಷಯ ಇಷ್ಟೇ. ಆನ್‌ಲೈನಿನಲ್ಲಿ ಅಗ್ಗಕ್ಕೆ ಸಿಕ್ಕಿತು ಅಂತ ತರಿಸಿದ ಈ ನಾಲ್ಕು ತಂತಿಯ ವಾದ್ಯವನ್ನು ಸುಮ್ನೆ ಮೀಟಿದರೆ, ಸ್ವರ ಸರಿ ಇದೆಯಾ ನೋಡುವ ಟ್ಯೂನರ್ ಆ್ಯಪ್ ಹಸಿರು ತೋರಿಸುತ್ತದೆ. ಕತ್ತಿನ ಮೇಲೆ ಅಡ್ಡ ಕೂರಿಸಿದ ಲೋಹದ ಪಟ್ಟಿಗಳಿಗೆ ಮೆಟ್ಟಿಲು ಅಂತಾರೆ, ಇಂಗ್ಲಿಷಿನಲ್ಲಿ ಫ್ರೆಟ್. ಮೊದಲನೇ ಮೆಟ್ಟಿಲಲ್ಲಿ ಬೆರಳಿಟ್ಟ ತಕ್ಷಣ ಕೆಂಪು. ನಟ್‌ನಲ್ಲಿ ತಂತಿ ಕೂರುವ ತೋಡನ್ನು ಸಾಕಷ್ಟು ಆಳಕ್ಕೆ ಕೊರೆದಿಲ್ಲ. ತಂತಿ ಎತ್ತರದಲ್ಲಿ ನಿಂತಿದೆ, ಒತ್ತಿದರೆ ಎಳೆದುಕೊಂಡು ಸ್ವರ ಮೇಲೆ ಹೋಗುತ್ತದೆ. ಮಗಳು ಎಫ್ ಕಾರ್ಡ್ ಹಿಡಿದರೆ ಮನೆಯಲ್ಲಿ ಎಲ್ಲರೂ ಹುಣಸೆಹಣ್ಣು ಕಚ್ಚಿದ ಹಾಗೆ ಮುಖ ಮಾಡುತ್ತೇವೆ. ಅವಳ ಬೆರಳಿಗೆ ನೋವು, ನಮ್ಮ ಕಿವಿಗೆ ನೋವು. ಹವಾಯಿ ಭಾಷೆಯಲ್ಲಿ ಯುಕುಲೇಲಿ ಅಂದರೆ ಜಿಗಿಯುವ ಚಿಗಟ ಅಂತಾರೆ. ಕಚ್ಚುವ ವಿಷಯ ಯಾರೂ ಹೇಳಿರಲಿಲ್ಲ.

ಆಗ ಬಂದರು ಮಹಡಿ ಮನೆಯ ಮೇಷ್ಟ್ರು.

ಮೇಷ್ಟ್ರು ಐಟಿಐ ಒಂದರಲ್ಲಿ ಫಿಟ್ಟರ್ ಪಾಠ ಹೇಳಿ ರಿಟೈರ್ ಆದವರು. ಅಂಗಿ ಜೇಬಿನಲ್ಲಿ ಬೇರೆಯವರು ಪೆನ್ ಇಟ್ಟುಕೊಂಡರೆ ಇವರು ವರ್ನಿಯರ್ ಕ್ಯಾಲಿಪರ್ ಇಟ್ಟುಕೊಳ್ಳುತ್ತಾರೆ. ಜೊತೆಗೆ ಒಂದು ಮಾತು: "ಇದೇನ್ ಮಹಾ." ಒಮ್ಮೆ ಕ್ಯಾತ್ಸಂದ್ರದಲ್ಲಿ ತಟ್ಟೆ ಇಡ್ಲಿ ತಿನ್ನೋಕೆ ಕರೆದುಕೊಂಡು ಹೋಗಿದ್ದೆ. ಇಡ್ಲಿ ಬಂದ ತಕ್ಷಣ ಕ್ಯಾಲಿಪರ್ ಹೊರಗೆ ಬಂತು, ದಪ್ಪ ಅಳೆದರು, ನನ್ನ ತಟ್ಟೆಯದನ್ನೂ ಅಳೆದರು. ನಿಮ್ಮದು ಒಂದೂವರೆ ಎಂಎಂ ಜಾಸ್ತಿ ಇದೆ ಅಂತ ಅದಲುಬದಲು ಮಾಡಿಕೊಂಡು ತಿಂದರು. ನಮ್ಮ ಮನೆಗೆ ಬಂದಾಗ ಹೆಂಡತಿಯ ಚಪಾತಿಯನ್ನು ಅಂಚಲ್ಲಿ ಒಮ್ಮೆ, ನಡುವೆ ಒಮ್ಮೆ ಅಳೆದು "ಯೂನಿಫಾರ್ಮ್ ಇಲ್ಲಮ್ಮ" ಅಂದವರು. ಆವತ್ತಿನಿಂದ ಅವರಿಗೆ ನಮ್ಮಲ್ಲಿ ಕಾಫಿ ಮಾತ್ರ.

ತೋಡಿನ ಆಳ ಸರಿ ಇದೆಯಾ ತಿಳಿಯೋಕೆ ತಂತಿಯನ್ನು ಎರಡನೇ ಮತ್ತು ಮೂರನೇ ಮೆಟ್ಟಿಲ ನಡುವೆ ಒತ್ತಿ ಹಿಡಿದು, ಮೊದಲನೇ ಮೆಟ್ಟಿಲ ಮೇಲೆ ಎಷ್ಟು ಸಂದು ಇದೆ ನೋಡಬೇಕು. ಕೂದಲೆಳೆಯಷ್ಟಿದ್ದರೆ ಸಾಕು. ನಮ್ಮದರಲ್ಲಿ ಬಸ್ ಟಿಕೆಟ್ ಏನು, ಬಸ್ ಪಾಸೇ ತೂರುತ್ತಿತ್ತು. "ಇದೇನ್ ಮಹಾ" ಅಂತ ಮೇಷ್ಟ್ರು ಸಣ್ಣ ಅರ ತೆಗೆದು ತೋಡು ಉಜ್ಜಿದರು. ಉಜ್ಜಿದರು, ಅಳೆದರು, ಇನ್ನೂ ಉಜ್ಜಿದರು. ಕೊನೆಗೆ ಒಂದು ತಂತಿ ಎಷ್ಟು ಕೆಳಗೆ ಹೋಯಿತೆಂದರೆ, ಮೀಟಿದರೆ ಡಬ್ಬಿಯೊಳಗೆ ಸಿಕ್ಕಿಕೊಂಡ ನೊಣದ ಹಾಗೆ ಝುಂಯ್ ಅನ್ನೋಕೆ ಶುರು.

ಅದಕ್ಕೂ ಮದ್ದಿದೆ. ತೋಡಿಗೆ ಅಡುಗೆ ಸೋಡ ತುಂಬಿ, ಮೇಲೆ ಪುಟ್ಟ ಟ್ಯೂಬಿನ ಸೂಪರ್ ಗ್ಲೂ ಅಂಟು ಒಂದು ಹನಿ ಬಿಟ್ಟರೆ ಕಲ್ಲಿನ ಹಾಗೆ ಗಟ್ಟಿಯಾಗುತ್ತದೆ, ಮತ್ತೆ ಕೊರೆಯಬಹುದು. ನಿಜಕ್ಕೂ ಆಗುತ್ತದೆ. ಆದರೆ ಹನಿ ಬಿಟ್ಟವರು ಮೇಷ್ಟ್ರು, ವಾದ್ಯ ಹಿಡಿದವನು ನಾನು, ಮತ್ತು ಅದು ಒಂದು ಹನಿ ಆಗಿರಲಿಲ್ಲ. ನನ್ನ ಹೆಬ್ಬೆರಳು ಯುಕುಲೇಲಿಗೆ ಅಂಟಿಕೊಂಡಿತು. ನಾನು ಕೂಗುತ್ತಿದ್ದೇನೆ, ಮಗಳು ವಿಡಿಯೋ ಮಾಡುತ್ತಿದ್ದಾಳೆ, ಮೇಷ್ಟ್ರು ಕನ್ನಡಕ ಏರಿಸಿ ಬಗ್ಗಿ ಕ್ಯಾಲಿಪರ್ ತಂದು ನನ್ನ ಬೆರಳಿಗೂ ಮರಕ್ಕೂ ನಡುವೆ ಇಟ್ಟು "ಗ್ಯಾಪೇ ಇಲ್ಲ ರೀ, ಫಸ್ಟ್ ಕ್ಲಾಸ್ ಫಿಟ್ಟಿಂಗ್" ಅಂದರು. ಹೆಂಡತಿಯ ನೇಲ್ ಪಾಲಿಷ್ ಅಳಿಸುವ ದ್ರವ ಬಂದ ಮೇಲೆ ಬಿಡುಗಡೆ. ಬೆರಳಿನ ಜೊತೆ ವಾದ್ಯದ ಪಾಲಿಷೂ ಒಂದಷ್ಟು ಬಂತು.

ಈ ಪಾಡು ಬೇಡ ಅನ್ನುವವರಿಗೇ ಜೀರೋ ಫ್ರೆಟ್ ಇದೆ. ನಟ್ ಪಕ್ಕದಲ್ಲೇ ಇನ್ನೊಂದು ಲೋಹದ ಮೆಟ್ಟಿಲು, ತಂತಿ ಅದರ ಮೇಲೆ ಕೂರುತ್ತದೆ. ನಟ್‌ಗೆ ಬರೀ ತಂತಿಗಳನ್ನು ಸಾಲಾಗಿ ನಿಲ್ಲಿಸುವ ಕೆಲಸ, ಅದರ ಆಳದ ಚಿಂತೆ ಇಲ್ಲ. ಬಿಟ್ಟ ತಂತಿಯೂ ಒತ್ತಿದ ತಂತಿಯೂ ಒಂದೇ ಥರ ಲೋಹದ ಮೇಲೆ ನುಡಿಯುತ್ತವೆ. ಹಿಂದೆ ಅಗ್ಗದ ಗಿಟಾರ್‌ಗಳಲ್ಲಿ ಜಾಸ್ತಿ ಹಾಕುತ್ತಿದ್ದರಿಂದ ಇದಕ್ಕೆ ಕೆಟ್ಟ ಹೆಸರು, ಮತ್ತೆ ತಂತಿ ಉಜ್ಜಿ ಮೆಟ್ಟಿಲು ಸವೆಯುತ್ತದೆ ಅಂತ ದೂರು. ಉಕ್ಕಿನ ತಂತಿಗೆ ಸರಿ, ಯುಕುಲೇಲಿಯ ನೈಲಾನ್ ಎಷ್ಟು ತಾನೇ ಸವೆಸುತ್ತದೆ? ಒಳ್ಳೆ ಕೈಯಲ್ಲಿ ಕೊರೆದ ಮೂಳೆಯ ನಟ್ ಚೆನ್ನಾಗೇ ಇರುತ್ತದೆ, ಇಲ್ಲ ಅನ್ನಲ್ಲ. ಆ ಒಳ್ಳೆ ಕೈ ನಮ್ಮ ಬೀದಿಯಲ್ಲಿಲ್ಲ, ಅಲ್ವಾ.

ನಮ್ಮಜ್ಜಿ ವೀಣೆ ನುಡಿಸುತ್ತಿದ್ದರು. ಅದರಲ್ಲಿ ಇಪ್ಪತ್ನಾಲ್ಕು ಮೆಟ್ಟಿಲೂ ಮೇಣದ ಮೇಲೆ ಕೂತಿರುತ್ತವೆ. ಬೇಸಿಗೆಗೆ ಮೇಣ ಮೆತ್ತಗಾಗಿ ಸ್ವರ ಅಲುಗಿದರೆ, ಮೇಳ ಕಟ್ಟುವವರು, ಅಂದರೆ ಮೆಟ್ಟಿಲು ಕೂರಿಸುವವರು, ಬರುವ ತನಕ ಅಜ್ಜಿ ಕಾಯುತ್ತಿದ್ದರು. ಅವರು ಬಂದು ಮೇಣ ಕಾಯಿಸಿ, ಅಜ್ಜಿ ಮೀಟಿ, ಇಬ್ಬರೂ ತಲೆ ಒಂದು ಕಡೆ ವಾಲಿಸಿ ಕೇಳಿ, ಒಂದೊಂದೇ ಮೆಟ್ಟಿಲು ಕೂರಿಸಲು ದಿನಗಟ್ಟಲೆ ಆಗುತ್ತಿತ್ತು. ನಮಗೆ ರಜ, ಬೆಲ್ಲದ ಪಾನಕ, ಮನೆ ತುಂಬ ಮೇಣದ ವಾಸನೆ. ಅಜ್ಜಿ ಹೋದ ಮೇಲೆ ಆ ವೀಣೆ ಅಟ್ಟದಲ್ಲೇ ಬಿರುಕು ಬಿಟ್ಟಿತು. ಆ ಮೇಳ ಕಟ್ಟುವ ಕೆಲಸದಲ್ಲಿ ಕ್ಯಾಲಿಪರ್ ಇರಲಿಲ್ಲ.

ಇವತ್ತು ಬೆಳಿಗ್ಗೆ ಜೀರೋ ಫ್ರೆಟ್ ಇರುವ ಯುಕುಲೇಲಿಯ ಫೋಟೋ ಮೇಷ್ಟ್ರಿಗೆ ತೋರಿಸಿದೆ. ಫೋನ್ ಕಿತ್ತುಕೊಂಡು, ಪರದೆ ಹಿಗ್ಗಿಸಿ, ಬೆರಳಿಟ್ಟು ಎಣಿಸಿದರು.

"ಹನ್ನೆರಡು ಮೆಟ್ಟಿಲು ಅಂತ ಬರೆದಿದ್ದಾರೆ, ಹದಿಮೂರು ಇದೆ. ಒಂದು ಜಾಸ್ತಿ ಹಾಕಿಬಿಟ್ಟಿದ್ದಾರೆ ಕಣ್ರೀ. ಇದೇನ್ ಮಹಾ, ತರಿಸಿ, ನಾನು ಉಜ್ಜಿ ತೆಗೀತೀನಿ."