ಡ್ರಿಫ್ಟಿಂಗ್‌ಗೂ ಕ್ರೀಡೆಯ ಮಾನ ಸಲ್ಲಬೇಕು

ಮೋಟಾರು ಕ್ರೀಡೆಯೆಂದರೆ ಗಡಿಯಾರದ ಎದುರು ನಡೆಯುವ ಪೈಪೋಟಿ, ಮೊದಲು ಗೆರೆ ದಾಟಿದವನೇ ಗೆದ್ದವನು, ಉಳಿದದ್ದೆಲ್ಲ ಬರಿಯ ಕಸರತ್ತು ಎಂಬ ಮಾತನ್ನು ನಾನು ನನ್ನೂರು ಬೀದರಿನಲ್ಲಿಯೂ ಕೇಳಿದ್ದೇನೆ, ಉದ್ಯೋಗಕ್ಕಾಗಿ ನೆಲೆಸಿರುವ ಅಬುಧಾಬಿಯಲ್ಲಿಯೂ ಕೇಳಿದ್ದೇನೆ. ಮಾತು ಒಂದೇ ಆದರೂ ಎರಡೂ ಕಡೆ ಅದರ ಪರಿಣಾಮ ಬೇರೆ. ಇಲ್ಲಿ ಅದು ರೇಸ್ ಪ್ರಿಯರ ಚರ್ಚೆಯಾಗಿಯೇ ಉಳಿಯುತ್ತದೆ; ವಾದ ಮಾಡಿದವರೇ ಬಿಡುವಾದಾಗ ಇಲ್ಲಿಯ ರೇಸ್ ಟ್ರ್ಯಾಕಾದ ಯಾಸ್ ಮರೀನಾ ಸರ್ಕ್ಯೂಟ್‌ಗೆ ಹೋಗಿ ಡ್ರಿಫ್ಟಿಂಗ್, ಅಂದರೆ ಕಾರನ್ನು ಬೇಕೆಂದೇ ಅಡ್ಡಡ್ಡಲಾಗಿ ಜಾರಿಸುವ ಆಟ, ನೋಡಿ ಬರುತ್ತಾರೆ. ನಮ್ಮ ಜಿಲ್ಲೆಯಲ್ಲಿ ಮಾತ್ರ ಅದು ಕೊನೆಯ ತೀರ್ಪಾಗಿಬಿಡುತ್ತದೆ. ಭಾಲ್ಕಿಯಲ್ಲಿರುವ ನನ್ನ ಕಾಕಾ, "ಟೈರ್ ಸುಡೂದು ಯಾವ ಆಟ ಆಯ್ತೋ ತಮ್ಮಾ? ಅದು ರೊಕ್ಕಾ ಸುಟ್ಟಂಗ" ಎಂದು ಹೇಳಿದರೆ ಮನೆಯಲ್ಲಿ ಯಾರೂ ಎದುರಾಡುವುದಿಲ್ಲ. ಕಾಕಾನ ಮೇಲಿನ ಗೌರವ ಇಟ್ಟುಕೊಂಡೇ ನಾನು ಎದುರು ವಾದ ಮಂಡಿಸಲು ಬಯಸುತ್ತೇನೆ, ಏಕೆಂದರೆ ಈ ತೀರ್ಪಿನಿಂದ ನಮ್ಮ ಭಾಗದ ಹುಡುಗರಿಗೆ ನಷ್ಟವಾಗುತ್ತಿದೆ ಎಂಬುದು ನನ್ನ ದೃಢವಾದ ನಂಬಿಕೆ.

ಡ್ರಿಫ್ಟಿಂಗ್‌ನಲ್ಲಿ ಚಾಲಕನು ಕಾರಿನ ಹಿಂದಿನ ಚಕ್ರಗಳ ಹಿಡಿತವನ್ನು ಬೇಕೆಂದೇ ಬಿಡಿಸುತ್ತಾನೆ. ಕಾರು ಅಡ್ಡಡ್ಡಲಾಗಿ ಜಾರತೊಡಗಿದಾಗ ಮುಂದಿನ ಚಕ್ರಗಳನ್ನು ತಿರುವಿನ ವಿರುದ್ಧ ದಿಕ್ಕಿಗೆ ತಿರುಗಿಸಿ, ಆಕ್ಸಿಲರೇಟರ್, ಕ್ಲಚ್, ಹ್ಯಾಂಡ್ ಬ್ರೇಕ್‌ಗಳನ್ನು ಕ್ಷಣಕ್ಷಣಕ್ಕೂ ಹೊಂದಿಸುತ್ತ, ಆ ಜಾರುವಿಕೆಯನ್ನು ಒಂದು ತಿರುವಿನಿಂದ ಮತ್ತೊಂದು ತಿರುವಿಗೆ ಕಡಿಯದೆ ಕೊಂಡೊಯ್ಯುತ್ತಾನೆ. ಸ್ಟೇರಿಂಗ್ ಸ್ವಲ್ಪ ಕಡಿಮೆ ತಿರುಗಿದರೆ ಕಾರು ತನ್ನ ಸುತ್ತಲೇ ಗಿರಕಿ ಹೊಡೆಯುತ್ತದೆ. ಹಿಂದಿನ ಟೈರುಗಳಿಗೆ ಒಮ್ಮೆಲೇ ಹಿಡಿತ ಮರಳಿದರೆ ಎದುರು ದಿಕ್ಕಿಗೆ ಎಸೆಯಲ್ಪಡುತ್ತದೆ. ಈ ಎರಡರ ನಡುವಿನ ಕಿರಿದಾದ ಅಂಚಿನ ಮೇಲೆ ಕಾರನ್ನು ನಿಲ್ಲಿಸುವುದೇ ಇದರ ವಿದ್ಯೆ.

ಈ ವಿದ್ಯೆ ರೇಸಿಂಗ್‌ನ ಹೊರಗೆ ಹುಟ್ಟಿದ್ದಲ್ಲ. ಜಪಾನಿನ ಕುನಿಮಿತ್ಸು ತಕಹಾಶಿ 1961ರಲ್ಲಿ ಪಶ್ಚಿಮ ಜರ್ಮನಿಯ ಗ್ರ್ಯಾಂಡ್ ಪ್ರಿ ಗೆದ್ದು, ವಿಶ್ವ ಮಟ್ಟದ ಮೋಟಾರ್‌ಸೈಕಲ್ ರೇಸ್ ಗೆದ್ದ ಮೊದಲ ಜಪಾನಿ ಸವಾರನೆನಿಸಿದವರು. ಮುಂದೆ ಅವರು ಕಾರ್ ರೇಸಿಂಗ್‌ಗೆ ಬಂದಾಗ, ತಿರುವಿನೊಳಕ್ಕೆ ಕಾರನ್ನು ಜಾರಿಸಿಕೊಂಡೇ ಹೋಗುವ ಅವರ ರೀತಿ ನೋಡುಗರ ಮನಸ್ಸಿನಲ್ಲಿ ಉಳಿಯಿತು. ಅದನ್ನು ಕಂಡು ಕಲಿತವರು ಜಪಾನಿನ ಇನ್ನೊಬ್ಬ ಚಾಲಕ ಕೆಯಿಚಿ ತ್ಸುಚಿಯಾ. ಅವರು ಮೊದಲು ಪಳಗಿದ್ದು ಬೆಟ್ಟದ ಸಾರ್ವಜನಿಕ ರಸ್ತೆಗಳಲ್ಲಿ ಎಂಬುದನ್ನು ನಾನು ಮರೆಮಾಚುವುದಿಲ್ಲ; ಅದು ಕಾನೂನಿಗೆ ವಿರುದ್ಧವಾದದ್ದು, ಅಪಾಯಕರವಾದದ್ದು. ಆದರೆ ಇದೇ ಗುರುಶಿಷ್ಯರು 1995ರಲ್ಲಿ ಅಕಿರಾ ಈದಾ ಅವರೊಂದಿಗೆ ಒಂದೇ ಹೋಂಡಾ ಎನ್‌ಎಸ್‌ಎಕ್ಸ್ ಕಾರನ್ನು ಹಂಚಿಕೊಂಡು ಓಡಿಸಿ, ಫ್ರಾನ್ಸಿನ ಲೆ ಮಾನ್ಸ್ 24 ಗಂಟೆಗಳ ರೇಸ್‌ನಲ್ಲಿ ತಮ್ಮ ವಿಭಾಗದ ಪ್ರಥಮ ಸ್ಥಾನ ಪಡೆದರು. 1999ರಲ್ಲಿ ತ್ಸುಚಿಯಾ ಅದೇ ರೇಸ್‌ನಲ್ಲಿ ಟೊಯೋಟಾ ತಂಡದ ಸದಸ್ಯರಾಗಿ ಒಟ್ಟಾರೆ ಎರಡನೆಯ ಸ್ಥಾನಕ್ಕೆ ಬಂದರು. ಡ್ರಿಫ್ಟಿಂಗ್ ಮಾಡುವವರಿಗೆ ನಿಜವಾದ ರೇಸ್ ಓಡಿಸಲು ಬಾರದು ಎನ್ನುವವರು ಈ ಎರಡು ಇಸವಿಗಳಿಗೆ ಉತ್ತರ ಹೇಳಬೇಕಾಗುತ್ತದೆ.

ಆದರೂ ಚಾಲಕ ನಿಪುಣನಾಗಿದ್ದರೆ ಸಾಕು, ಅವನು ಮಾಡುವುದೆಲ್ಲ ಕ್ರೀಡೆ ಎಂದು ನಾನು ಹೇಳುವುದಿಲ್ಲ. ನೈಪುಣ್ಯವೇ ಬೇರೆ, ಕ್ರೀಡೆಯೇ ಬೇರೆ. ಇದನ್ನು ಬೀದರಿನವರಿಗೆ ವಿವರಿಸುವುದು ಸುಲಭ, ಏಕೆಂದರೆ ವಾಯುಪಡೆಯ ಸೂರ್ಯಕಿರಣ ತಂಡದ ನೆಲೆ ನಮ್ಮೂರಿನಲ್ಲಿಯೇ ಇದೆ. 1996ರಲ್ಲಿ ರೂಪುಗೊಂಡ ಆ ತಂಡ ಇಂದು ಒಂಬತ್ತು ಹಾಕ್ ವಿಮಾನಗಳನ್ನು ರೆಕ್ಕೆಗೆ ರೆಕ್ಕೆ ತಾಗಿತೇನೋ ಎಂಬಷ್ಟು ಹತ್ತಿರದಲ್ಲಿ ಹಾರಿಸುತ್ತದೆ. ಅದಕ್ಕಿಂತ ದೊಡ್ಡ ನೈಪುಣ್ಯವನ್ನು ನಾನು ಕಣ್ಣಾರೆ ಕಂಡಿಲ್ಲ. ಆದರೆ ಅದು ಪ್ರದರ್ಶನ. ಅಲ್ಲಿ ಎದುರಾಳಿಯಿಲ್ಲ, ಅಂಕವಿಲ್ಲ, ಸೋಲೂ ಇಲ್ಲ. ಒಂಟಿ ವಿಮಾನದ ಕಸರತ್ತಿನ ಹಾರಾಟಕ್ಕೆ 1960ರಲ್ಲಿ ಬ್ರಾಟಿಸ್ಲಾವಾದಲ್ಲಿ ವಿಶ್ವ ಚಾಂಪಿಯನ್‌ಷಿಪ್ ಆರಂಭವಾಯಿತು. ಅಲ್ಲಿ ಪ್ರತಿಯೊಂದು ಪಲ್ಟಿಗೂ ಕಷ್ಟದ ಪ್ರಮಾಣಕ್ಕೆ ತಕ್ಕ ಗುಣಾಂಕವಿದೆ. ಕೋನ ತಪ್ಪಿದಷ್ಟೂ ತೀರ್ಪುಗಾರರು ಅಂಕ ಕಡಿತ ಮಾಡುತ್ತಾರೆ. ಪ್ರದರ್ಶನವನ್ನು ಕ್ರೀಡೆಯಾಗಿಸುವುದು ಇಂಥ ವ್ಯವಸ್ಥೆಯೇ.

ಡ್ರಿಫ್ಟಿಂಗ್‌ನಲ್ಲಿಯೂ ಈ ಎರಡು ಮುಖಗಳಿವೆ. 2017ರ ಡಿಸೆಂಬರಿನಲ್ಲಿ ಬಿಎಂಡಬ್ಲ್ಯು ಕಂಪನಿಯ ತರಬೇತುದಾರರೊಬ್ಬರು ಅಮೆರಿಕದಲ್ಲಿ ಎಂಟು ಗಂಟೆಗಳ ಕಾಲ, ಓಡುತ್ತಿರುವಾಗಲೇ ಇಂಧನ ತುಂಬಿಸಿಕೊಳ್ಳುತ್ತ, 374 ಕಿಲೋಮೀಟರ್ ಜಾರಿಸಿ ಗಿನ್ನೆಸ್ ದಾಖಲೆ ಮಾಡಿದರು. ನನ್ನ ಲೆಕ್ಕದಲ್ಲಿ ಅದು ಸಾಹಸವೂ ಹೌದು, ಜಾಹೀರಾತೂ ಹೌದು, ಕ್ರೀಡೆಯಲ್ಲ. ಇಲ್ಲಿಯ, ಅಂದರೆ ಎಮಿರೇಟ್ಸ್‌ನ, ಫುಜೈರಾ ವಿಮಾನ ನಿಲ್ದಾಣದ ರನ್‌ವೇಯಲ್ಲಿ 2016ರಲ್ಲಿ ಮಸಾತೊ ಕವಾಬಾತಾ ಎಂಬ ಜಪಾನಿ ಚಾಲಕ ನಿಸಾನ್ ಜಿಟಿ-ಆರ್ ಕಾರನ್ನು ಗಂಟೆಗೆ 304.96 ಕಿಲೋಮೀಟರ್ ವೇಗದಲ್ಲಿ ಮೂವತ್ತು ಡಿಗ್ರಿ ಕೋನದಲ್ಲಿ ಜಾರಿಸಿದ್ದೂ ಅದೇ ಸಾಲಿಗೆ ಸೇರುತ್ತದೆ. ಆದರೆ ಅದೇ ಕವಾಬಾತಾ ಮರುವರ್ಷ ಟೋಕಿಯೊದ ಒಡೈಬಾದಲ್ಲಿ ಮಾಡಿದ್ದು ಬೇರೆಯೇ. ಫಾರ್ಮುಲಾ ಒನ್ ನಡೆಸುವ ಎಫ್‌ಐಎ ಸಂಸ್ಥೆಯೇ 2017ರಲ್ಲಿ ಅಲ್ಲಿ ಡ್ರಿಫ್ಟಿಂಗ್‌ನ ಮೊದಲ ಅಂತರಖಂಡ ಕಪ್ ಏರ್ಪಡಿಸಿತು. ಬೇರೆ ಬೇರೆ ದೇಶಗಳ ಚಾಲಕರ ಎದುರು, ಒಂದೇ ನಿಯಮಾವಳಿಯ ಅಡಿಯಲ್ಲಿ ಒಬ್ಬೊಬ್ಬರನ್ನಾಗಿ ಸೋಲಿಸುತ್ತ ಬಂದು ಅವರು ಅದನ್ನು ಗೆದ್ದರು. ಚಾಲಕ ಒಬ್ಬನೇ, ಕಲಿತ ವಿದ್ಯೆಯೂ ಒಂದೇ. ಎರಡನೆಯದನ್ನು ಕ್ರೀಡೆಯೆನ್ನಲು ಎದುರಾಳಿ ಮತ್ತು ನಿಯಮ ಕಾರಣ.

ಆ ನಿಯಮಗಳನ್ನು ತಿಳಿಯದೆಯೇ ಅನೇಕರು ತೀರ್ಪು ಕೊಡುತ್ತಾರೆ, ಆದ್ದರಿಂದ ಇಲ್ಲಿ ಸ್ವಲ್ಪ ನಿಂತು ಹೇಳುತ್ತೇನೆ. ಮೊದಲ ಸುತ್ತಿನಲ್ಲಿ ಚಾಲಕ ಒಬ್ಬನೇ ಓಡಿಸುತ್ತಾನೆ. ಕಾರು ಯಾವ ಗೆರೆಯ ಮೇಲೆ ಸಾಗಬೇಕು, ತಿರುವಿನ ಒಳಗಡೆ ಯಾವ ಗುರುತಿನ ಬಳಿ ಮುಂಭಾಗ ಬರಬೇಕು, ಹೊರಗಡೆ ಯಾವ ಪಟ್ಟಿಯನ್ನು ಹಿಂಭಾಗ ತುಂಬಬೇಕು ಎಂಬುದು ಮೊದಲೇ ನಿಗದಿಯಾಗಿರುತ್ತದೆ. ಗೆರೆ, ಕೋನ ಮತ್ತು ಓಡಿಸುವ ಶೈಲಿಗೆ ಅಂಕಗಳಿವೆ. ಕಾರು ಗಿರಕಿ ಹೊಡೆದರೆ ಆ ಓಟಕ್ಕೆ ಅಂಕವೇ ಇಲ್ಲ. ಹಾಗೆ ಆಯ್ಕೆಯಾದವರು ಬಳಿಕ ಜೋಡಿಯಾಗಿ ಇಳಿಯುತ್ತಾರೆ. ಮುಂದಿನವನು ನಿಗದಿಯಾದ ಗೆರೆಯನ್ನು ತಪ್ಪದೆ ಹಿಡಿಯಬೇಕು. ಹಿಂದಿನವನು ಅವನ ಕೋನವನ್ನೇ ಅನುಸರಿಸುತ್ತ, ಅವನ ಬಾಗಿಲಿಗೆ ಎಷ್ಟು ಹತ್ತಿರವಾಗಲು ಸಾಧ್ಯವೋ ಅಷ್ಟು ಹತ್ತಿರದಲ್ಲಿ ಜಾರಬೇಕು. ಆಮೇಲೆ ಇಬ್ಬರೂ ಸ್ಥಾನ ಬದಲಿಸಿ ಮತ್ತೊಮ್ಮೆ ಓಡಿಸುತ್ತಾರೆ. ತೀರ್ಪುಗಾರರಿಗೆ ಹೆಚ್ಚುಕಡಿಮೆ ಕಾಣದಿದ್ದರೆ ಇಬ್ಬರನ್ನೂ ಪುನಃ ಓಡಿಸುತ್ತಾರೆ. ಮುಂದಿನ ಕಾರಿನ ಹೊಗೆಯಲ್ಲಿ ದಾರಿ ಕಾಣದಿದ್ದಾಗಲೂ ಅದು ಎಲ್ಲಿ ನಿಧಾನಿಸೀತು ಎಂದು ಊಹಿಸಿ ಕಾಲನ್ನು ಪೆಡಲ್ ಮೇಲೆ ಹದಗೊಳಿಸುವುದನ್ನು ಹತ್ತಿರದಿಂದ ಕಂಡವರು ಇದರಲ್ಲಿ ಪೈಪೋಟಿಯಿಲ್ಲ ಎನ್ನಲಾರರು.

ತೀರ್ಪುಗಾರರ ಕಣ್ಣಿನ ಮೇಲೆ ಗೆಲುವು ನಿಂತಿರುವುದು ದೊಡ್ಡ ಆಕ್ಷೇಪ, ಅದರಲ್ಲಿ ಹುರುಳಿದೆ. ತೀರ್ಪುಗಳ ಬಗ್ಗೆ ಜಗಳಗಳೂ ಆಗುತ್ತವೆ. ಹಾಗೆಂದು ಅದು ಕ್ರೀಡೆಯಲ್ಲ ಎನ್ನಲಾಗದು: ತೀರ್ಪುಗಾರರೇ ಅಂಕ ಕೊಡುವ ಜಿಮ್ನಾಸ್ಟಿಕ್ಸ್ 1896ರ ಮೊದಲ ಆಧುನಿಕ ಒಲಿಂಪಿಕ್ಸ್‌ನಿಂದಲೂ ಇದೆ, ನಮ್ಮ ಮಲ್ಲಕಂಬಕ್ಕೂ ಅಂಕ ಕೊಡುವುದು ಕಣ್ಣಿನಿಂದಲೇ. ಡ್ರಿಫ್ಟಿಂಗ್‌ನವರು ಸುಮ್ಮನೆಯೂ ಕೂತಿಲ್ಲ. ಜಪಾನಿನ ಡಿ1 ಗ್ರ್ಯಾಂಡ್ ಪ್ರಿ ಸರಣಿಯಲ್ಲಿ ಕಾರಿನಲ್ಲಿ ಉಪಕರಣವಿಟ್ಟು ವೇಗ, ಕೋನ, ಕೋನ ಬದಲಾಗುವ ಚುರುಕನ್ನು ಅಳೆದು ಅಂಕ ಕೊಡುವ ಪದ್ಧತಿ ಬಂದಿದೆ. ಜೋಡಿ ಓಟಕ್ಕೆ ಮಾತ್ರ ಮನುಷ್ಯರ ಕಣ್ಣೂ ಬೇಕು. ವೇಗಕ್ಕೆ ಜಾರುವುದು ಅಡ್ಡಿ, ಆದ್ದರಿಂದ ಇದು ತಪ್ಪು ಚಾಲನೆ ಎನ್ನುವ ಇನ್ನೊಂದು ವಾದವಿದೆ. ಡಾಂಬರಿನ ಮೇಲೆ ಅದು ನಿಜ. ಮಣ್ಣು, ಹಿಮದ ಮೇಲೆ ರ‍್ಯಾಲಿ ಚಾಲಕರು ಜಾರಿಸಿಯೇ ಸಮಯ ಉಳಿಸುತ್ತಾರೆ. ರ‍್ಯಾಲಿ ಚಾಲಕ ಗೌರವ್ ಗಿಲ್ ಅವರಿಗೆ 2019ರಲ್ಲಿ ಅರ್ಜುನ ಪ್ರಶಸ್ತಿ ಬಂದಾಗ, ಮೋಟಾರು ಕ್ರೀಡೆಗೆ ಆ ಮನ್ನಣೆ ಮೊದಲ ಬಾರಿಗೆ ದೊರೆಯಿತೆಂದು ನಾವೆಲ್ಲ ಹೆಮ್ಮೆಪಟ್ಟೆವು. ಅವರ ಕಾರು ಅಡ್ಡಲಾಗಿ ಹೋಗುತ್ತದೆಂದು ಯಾರೂ ತಕರಾರು ಮಾಡಲಿಲ್ಲ.

ಇನ್ನು ಎರಡು ನೆಲಗಳ ರೀತಿಯ ಮಾತು. ಕೊಲ್ಲಿ ದೇಶಗಳಲ್ಲಿ ಬೀದಿಯ ಡ್ರಿಫ್ಟಿಂಗ್ ದೊಡ್ಡ ಪಿಡುಗಾಗಿತ್ತು, ಈಗಲೂ ಪೂರ್ತಿ ಹೋಗಿಲ್ಲ. ಸೌದಿಯಲ್ಲಿ ‘ತಫ್ಹೀತ್’ ಎಂದು ಕರೆಯುವ ಈ ಬೀದಿ ಡ್ರಿಫ್ಟಿಂಗ್ ಏನೆಂಬುದನ್ನು ಅಲ್ಲಿ ದುಡಿದು ಬಂದ ನಮ್ಮ ಬೀದರ್, ಕಲಬುರಗಿ ಕಡೆಯವರಿಗೆ ಬಿಡಿಸಿ ಹೇಳಬೇಕಿಲ್ಲ. ಅದು ಪ್ರಾಣಗಳನ್ನು ತೆಗೆದಿದೆ. ಸಂಯುಕ್ತ ಅರಬ್ ಎಮಿರೇಟ್ಸ್‌ನಲ್ಲಿ ಜೀವಕ್ಕೆ ಅಪಾಯವಾಗುವಂತೆ ಓಡಿಸಿದವನಿಗೆ 2,000 ದಿರ್ಹಂ ದಂಡ, ಲೈಸೆನ್ಸಿನ ಮೇಲೆ 23 ಕಪ್ಪು ಅಂಕ, 60 ದಿನ ವಾಹನದ ಜಪ್ತಿ. ದುಬೈಯಲ್ಲಿ 2023ರಿಂದ ಅಂಥ ವಾಹನ ಬಿಡಿಸಿಕೊಳ್ಳಲು 50,000 ದಿರ್ಹಂ ತೆರಬೇಕು. ಇಷ್ಟು ಬಿಗಿಯಾದ ಕಾನೂನಿನ ಪಕ್ಕದಲ್ಲಿಯೇ ಅವರು ಇನ್ನೊಂದು ಬಾಗಿಲನ್ನೂ ತೆರೆದಿಟ್ಟಿದ್ದಾರೆ. ಗ್ರ್ಯಾಂಡ್ ಪ್ರಿ ನಡೆಯುವ ಯಾಸ್ ಮರೀನಾ ಟ್ರ್ಯಾಕಿನಲ್ಲಿಯೇ ಹಣ ಕಟ್ಟಿ, ಹೆಲ್ಮೆಟ್ ಧರಿಸಿ, ಕಾರನ್ನು ತಪಾಸಣೆಗೊಪ್ಪಿಸಿ ಡ್ರಿಫ್ಟಿಂಗ್ ಕಲಿಯಬಹುದು. ಹುಡುಗನಿಗೆ ಎಲ್ಲಿ ಮಾಡಬಾರದು ಎಂಬುದರ ಜೊತೆಗೆ ಎಲ್ಲಿ ಮಾಡಬಹುದು ಎಂಬುದೂ ಗೊತ್ತಿರುತ್ತದೆ.

ನಮ್ಮಲ್ಲಿ ಮೊದಲನೆಯದು ಮಾತ್ರ ಇದೆ. ರಿಂಗ್ ರಸ್ತೆಯಲ್ಲಿ ಸಂಜೆ ವ್ಹೀಲಿಂಗ್ ಮಾಡುವ, ಖಾಲಿ ಲೇಔಟಿನಲ್ಲಿ ಬೊಲೆರೊ ತಿರುಗಿಸುವ ಹುಡುಗರನ್ನು ಪೊಲೀಸರು ಹಿಡಿಯುವುದು ಸರಿಯೇ, ಹಿಡಿಯಲೇಬೇಕು. ದಾರಿಹೋಕರ ಜೀವ ಯಾರ ಹವ್ಯಾಸಕ್ಕೂ ಅಡವಿಲ್ಲ. ಮೋಟಾರು ವಾಹನ ಕಾಯ್ದೆಯ 189ನೆಯ ಕಲಮು 2019ರ ತಿದ್ದುಪಡಿಯ ಬಳಿಕ ರಸ್ತೆಯ ರೇಸಿಗೆ ಮೂರು ತಿಂಗಳವರೆಗಿನ ಸೆರೆ ಅಥವಾ ಐದು ಸಾವಿರ ರೂಪಾಯಿವರೆಗಿನ ದಂಡ ಅಥವಾ ಎರಡನ್ನೂ ವಿಧಿಸುತ್ತದೆ. ಆದರೆ ಅದೇ ಕಲಮಿನಲ್ಲಿ ‘ರಾಜ್ಯ ಸರ್ಕಾರದ ಲಿಖಿತ ಒಪ್ಪಿಗೆಯಿಲ್ಲದೆ’ ಎಂಬ ಮಾತೂ ಇದೆ. ಒಪ್ಪಿಗೆ ಪಡೆದು ನಡೆಸುವ ದಾರಿಯನ್ನು ಕಾಯ್ದೆ ಮುಚ್ಚಿಲ್ಲ; ಕಲ್ಯಾಣ ಕರ್ನಾಟಕದಲ್ಲಿ ಆ ದಾರಿಯಲ್ಲಿ ನಡೆಯುವವರು ತೀರ ವಿರಳ. ಕೊಯಮತ್ತೂರು, ಚೆನ್ನೈ ಬಳಿ ಟ್ರ್ಯಾಕುಗಳಿವೆ, ಹೈದರಾಬಾದಿನ ಹುಸೇನ್ ಸಾಗರದ ದಂಡೆಯಲ್ಲಿ 2023ರಲ್ಲಿ ವಿದ್ಯುತ್ ಕಾರುಗಳ ರೇಸಾದ ಫಾರ್ಮುಲಾ ಇ ಓಡಿತು. ಬೀದರಿನ ಹುಡುಗನಿಗೆ ಇವೆಲ್ಲ ಮೊಬೈಲಿನಲ್ಲಿ ಕಾಣುವ ಲೋಕಗಳು. ಹಾಗಿರುವಾಗ ಡ್ರಿಫ್ಟಿಂಗ್ ಕ್ರೀಡೆಯೇ ಅಲ್ಲ ಎಂದು ಹಿರಿಯರು ಹೇಳಿದರೆ, ಬೀದಿಯಲ್ಲಿ ತಾನು ಮಾಡುವುದಕ್ಕೂ ಒಡೈಬಾದಲ್ಲಿ ಕವಾಬಾತಾ ಮಾಡಿದ್ದಕ್ಕೂ ಅಂತರವಿಲ್ಲವೆಂದೇ ಅವನು ತಿಳಿಯುತ್ತಾನೆ. ಕ್ರೀಡೆಯೆಂದು ಒಪ್ಪಿದರೆ ಮಾತ್ರ, ನಿನ್ನದು ಕ್ರೀಡೆಯಲ್ಲ ಎಂದು ಅವನಿಗೆ ಹೇಳುವ ಹಕ್ಕು ನಮಗೆ ಬರುತ್ತದೆ.

ನಾಳೆಯೇ ಬೀದರಿನಲ್ಲಿ ಡ್ರಿಫ್ಟ್ ಟ್ರ್ಯಾಕ್ ಕಟ್ಟಬೇಕೆಂದು ನಾನು ಕೇಳುತ್ತಿಲ್ಲ. ನಮ್ಮಲ್ಲಿ ಹೆಚ್ಚಾಗಿ ಓಡಾಡುವ ಸ್ವಿಫ್ಟ್, ಐ20ಯಂಥ ಕಾರುಗಳಿಗೆ ಎಂಜಿನ್ನಿನ ಶಕ್ತಿ ಮುಂದಿನ ಚಕ್ರಗಳಿಗೆ ಹೋಗುವುದರಿಂದ ಅವು ಡ್ರಿಫ್ಟಿಂಗ್‌ಗೆ ಒದಗುವುದೂ ಇಲ್ಲ. ಆಟೋಕ್ರಾಸ್‌ನಿಂದ ಆರಂಭಿಸಬಹುದು: ಬಯಲಿನಲ್ಲಿ ಕೋನ್‌ಗಳನ್ನಿಟ್ಟು ದಾರಿ ಗುರುತಿಸಿ, ಒಂದು ಸಲಕ್ಕೆ ಒಂದೇ ಕಾರು ಬಿಟ್ಟು ಸಮಯ ಅಳೆಯುವ ಸ್ಪರ್ಧೆ ಅದು, ರಾಷ್ಟ್ರೀಯ ಒಕ್ಕೂಟವಾದ ಎಫ್‌ಎಂಎಸ್‌ಸಿಐ ಅದಕ್ಕೆ ನಿಯಮಗಳನ್ನು ಮಾಡಿಯೇ ಇಟ್ಟಿದೆ. ಕಲಬುರಗಿಯ ಎರೆಭೂಮಿ ಮಳೆಗಾಲದಲ್ಲಿ ಚಕ್ರವನ್ನೇ ನುಂಗುತ್ತದೆ, ಆದರೆ ಬೀದರಿನ ಕೆಂಪು ಜಂಬಿಟ್ಟಿಗೆಯ ಎತ್ತರದ ಬಯಲು ಗಟ್ಟಿ ನೆಲ. ಕಾರು ಜಾರಿದಾಗ ಕೈಕಾಲು ಏನು ಮಾಡಬೇಕೆಂಬ ಮೊದಲ ಪಾಠವನ್ನು ಆ ಮಣ್ಣಿನ ಮೇಲೆ ಕಡಿಮೆ ವೇಗದಲ್ಲಿ, ಕಡಿಮೆ ಖರ್ಚಿನಲ್ಲಿ ಕಲಿಯಬಹುದು. ಯಾವುದಾದರೂ ಕ್ಲಬ್ಬು ಅರ್ಜಿ ಹಿಡಿದು ಬಂದರೆ ಜಿಲ್ಲಾಡಳಿತವು ಅದನ್ನು ಹುಡುಗಾಟವೆಂದು ಬದಿಗಿಡದೆ, ಆಂಬುಲೆನ್ಸ್ ಎಲ್ಲಿ ನಿಲ್ಲುತ್ತದೆ, ಪ್ರೇಕ್ಷಕರಿಗೂ ದಾರಿಗೂ ನಡುವೆ ಎಷ್ಟು ಅಂತರವಿದೆ, ಬೆಂಕಿ ಆರಿಸಲು ತರಬೇತಾದವರು ಇದ್ದಾರೆಯೇ, ಹೆಲ್ಮೆಟ್ ಮತ್ತು ಬೆಲ್ಟುಗಳನ್ನು ಪರೀಕ್ಷಿಸುವವರು ಯಾರು ಎಂದು ಕೇಳಲಿ. ಉತ್ತರ ಸರಿಯಾಗಿದ್ದರೆ ಒಪ್ಪಿಗೆ ಕೊಡಲಿ.