ಎಕ್ಸ್ ಬರೆದ ಮನೆಗೆ ಮತ್ತೆ ಹೋಗಬೇಕು

ಪ್ರತಿ ಮಂಗಳವಾರ ಸಂಜೆ ಏಳೂವರೆಗೆ ನಮ್ಮ ಸೇವಾ ಕ್ಲಬ್ಬಿನ ಸಭೆ. ಅಧ್ಯಕ್ಷರು ಗಂಟೆ ಬಾರಿಸುತ್ತಾರೆ, ಪ್ರಾರ್ಥನೆ ಆಗುತ್ತದೆ, ಕಾರ್ಯದರ್ಶಿ ಹಿಂದಿನ ವಾರದ ವರದಿ ಓದುತ್ತಾರೆ, ಹುಟ್ಟುಹಬ್ಬ ಇದ್ದವರಿಗೆ ಒಂದು ಹೂವು, ಅತಿಥಿಗಳ ಮಾತು, ವಂದನಾರ್ಪಣೆ, ಊಟ. ಹದಿನಾಲ್ಕು ವರ್ಷದಿಂದ ಹೋಗುತ್ತಿದ್ದೇನೆ. “ವಾರಾ ವಾರಾ ಸೇರಿ ಊಟ ಮಾಡ್ಕೊಂಡು ಬರ್ತೀರಿ, ಆ ದುಡ್ಡನ್ನ ಬಡವರಿಗೆ ಕೊಡಬಾರ್ದಾ?” ಅಂತ ಮೊನ್ನೆ ಅಂಗಡಿಗೆ ಬಂದ ಗೆಳೆಯರೊಬ್ಬರು ಕೇಳಿದರು. ಕೇಳಬೇಕಾದ ಪ್ರಶ್ನೆಯೇ. ಆದರೆ ನನಗೆ ಅನ್ನಿಸುವುದು ಬೇರೆ. ಆ ಸಭೆ ಸರಿಯಾಗಿ ನಡೆಯದಿದ್ದರೆ ನಾವು ಕೊಟ್ಟದ್ದೂ ದಕ್ಕುವುದಿಲ್ಲ. ಇದನ್ನು ನನಗೆ ಕಲಿಸಿದವರು ಒಬ್ಬ ಅಜ್ಜಿ.

ಹೋದ ವರ್ಷ ಕಣ್ಣಿನ ಶಿಬಿರ ಮಾಡಿದ್ದೆವು. ಪೊರೆ ಬಂದಿದ್ದ ಮೂವತ್ತೆರಡು ಜನರನ್ನು ಬಸ್ಸಿನಲ್ಲಿ ಕಳಿಸಿ, ಆಪರೇಷನ್ ಮಾಡಿಸಿ, ಲೆನ್ಸ್ ಹಾಕಿಸಿ ಮನೆ ಮುಟ್ಟಿಸಿದೆವು. ಫೋಟೋ ಪತ್ರಿಕೆಯಲ್ಲೂ ಬಂತು. ಮುಂದಿನ ವಾರದ ಸಭೆಯಲ್ಲಿ ಹಿರಿಯ ಸದಸ್ಯರೊಬ್ಬರು ಎದ್ದು ನಿಂತು, “ಮರುತಪಾಸಣೆಗೆ ಬಾರದವರು ಎಷ್ಟು ಜನ?” ಅಂದರು. ಯಾರಿಗೂ ಗೊತ್ತಿರಲಿಲ್ಲ. ಪಟ್ಟಿ ತೆಗೆಸಿ ನೋಡಿದರೆ ಐದು ಜನ. ನನ್ನ ಪಾಲಿಗೆ ಬಂದ ಹೆಸರು ಊರಿಂದ ಹನ್ನೆರಡು ಕಿಲೋಮೀಟರ್ ದೂರದ ಹಳ್ಳಿಯ ಅಜ್ಜಿಯದು.

ಬೆಳಗ್ಗೆ ಸ್ಕೂಟರ್ ಹತ್ತಿ ಹೋದೆ. ಅಜ್ಜಿ ಜಗಲಿ ಮೇಲೆ ಕೂತಿದ್ದರು, ಕಣ್ಣು ಕೆಂಪಗಾಗಿ ನೀರು ಸುರಿಯುತ್ತಿತ್ತು. ಔಷಧಿ ಎಲ್ಲಜ್ಜಿ ಅಂದೆ. ಎಲೆ ಅಡಿಕೆ ಚೀಲದೊಳಗಿಂದ ಬಾಟಲಿ ತೆಗೆದರು. ತುಂಬಿಯೇ ಇತ್ತು. “ಎಷ್ಟು ಹಿಂಡಿದ್ರೂ ಒಂದು ತೊಟ್ಟೂ ಬೀಳ್ಲಿಲ್ಲ ಕಣಪ್ಪ. ನಂಗೇ ಗೊತ್ತಾಗ್ತಿಲ್ವೇನೋ ಅಂತ ಸುಮ್ನಾದೆ” ಅಂದರು. ಅಂಥ ಬಾಟಲಿಯ ತುದಿ ಮುಚ್ಚಿಯೇ ಇರುತ್ತದೆ. ಮುಚ್ಚಳದ ಒಳಗೊಂದು ಸಣ್ಣ ಮುಳ್ಳು. ಮುಚ್ಚಳವನ್ನು ಬಿಗಿಯಾಗಿ ಕೊನೆವರೆಗೂ ತಿರುಗಿಸಿದರೆ ಆ ಮುಳ್ಳು ತುದಿಗೆ ತೂತು ಮಾಡುತ್ತದೆ, ಆಮೇಲೆ ಹನಿ ಬೀಳುತ್ತದೆ. ಇದನ್ನು ಅಜ್ಜಿಗೆ ಒಬ್ಬರೂ ಹೇಳಿರಲಿಲ್ಲ. ಶಾಲು ಹೊದಿಸಿದವರು ನಾವು, ಹಣ್ಣು ಕೊಟ್ಟವರು ನಾವು, ಇದೊಂದನ್ನು ಹೇಳದೆ ಬಿಟ್ಟವರೂ ನಾವೇ. ಅವತ್ತೇ ಕರಕೊಂಡು ಹೋಗಿ ಡಾಕ್ಟರಿಗೆ ತೋರಿಸಿದೆ, ಸಮಯಕ್ಕೆ ಬಂದಿರಿ ಅಂದರು. ಈಗ ಅಜ್ಜಿ ಅಕ್ಕಿಯಲ್ಲಿ ಕಲ್ಲು ಆರಿಸುತ್ತಾರೆ. ಆ ಒಂದು ಪ್ರಶ್ನೆ ಸಭೆಯಲ್ಲಿ ಬಾರದೇ ಹೋಗಿದ್ದರೆ ಏನಾಗುತ್ತಿತ್ತು ಅಂತ ನೆನೆದರೆ ಈಗಲೂ ಎದೆ ಝಲ್ಲೆನ್ನುತ್ತದೆ.

ಪಲ್ಸ್ ಪೋಲಿಯೊ ದಿನಗಳಲ್ಲಿ ಸ್ವಯಂಸೇವಕರಾಗಿ ಓಡಾಡಿದವರಿಗೆ ನೆನಪಿರಬಹುದು. ಬೂತಿನ ಕೆಲಸ ಮುಗಿದ ಮೇಲೆ ಮನೆಮನೆಗೆ ಹೋಗುತ್ತಿದ್ದೆವು. ಮನೆಯ ಎಲ್ಲ ಮಕ್ಕಳಿಗೂ ಹನಿ ಬಿದ್ದಿದ್ದರೆ ಗೋಡೆಗೆ ಸೀಮೆಸುಣ್ಣದಲ್ಲಿ ‘ಪಿ’. ಒಂದು ಮಗು ತಪ್ಪಿದ್ದರೂ, ಬಾಗಿಲಿಗೆ ಬೀಗ ಬಿದ್ದಿದ್ದರೂ ‘ಎಕ್ಸ್’. ಎಕ್ಸ್ ಬಿದ್ದ ಮನೆಗೆ ಮತ್ತೆ ಹೋಗಲೇಬೇಕು. ರೋಟರಿ ಸಂಸ್ಥೆ 1985ರಲ್ಲಿ ಇಡೀ ಜಗತ್ತಿನಿಂದ ಪೋಲಿಯೊ ಓಡಿಸುತ್ತೇವೆ ಅಂತ ಹೊರಟಾಗ ಎಷ್ಟು ಜನ ನಂಬಿದ್ದರೋ ಕಾಣೆ. 2009ರಲ್ಲೂ ನಮ್ಮ ದೇಶದಲ್ಲಿ 741 ಮಕ್ಕಳಿಗೆ ಪೋಲಿಯೊ ಬಂದಿತ್ತು. ಕೊನೆಯ ಪ್ರಕರಣ 2011ರ ಜನವರಿ 13ರಂದು, ಪಶ್ಚಿಮ ಬಂಗಾಳದ ಹೌರಾ ಜಿಲ್ಲೆಯ ಒಂದು ಹೆಣ್ಣುಮಗು. 2014ರ ಮಾರ್ಚ್ 27ಕ್ಕೆ ಭಾರತ ಪೋಲಿಯೊಮುಕ್ತ ಅಂತ ಪ್ರಮಾಣಪತ್ರ ಸಿಕ್ಕಿತು. ಸರ್ಕಾರ, ಆಶಾ ಕಾರ್ಯಕರ್ತೆಯರು, ಅಂಗನವಾಡಿಯವರು, ಕ್ಲಬ್ಬಿನವರು ಎಲ್ಲರೂ ಸೇರಿ ಮಾಡಿದ ಕೆಲಸ ಅದು. ನನ್ನ ಮಟ್ಟಿಗೆ ಅದನ್ನು ಗೆಲ್ಲಿಸಿದ್ದು ಎಕ್ಸ್ ಬಿದ್ದ ಮನೆಗೆ ಎರಡನೇ ಸಲ, ಮೂರನೇ ಸಲ ಹೋಗಿ ಬಾಗಿಲು ತಟ್ಟಿದ ಕೈಗಳು.

ರಕ್ತದಾನದ್ದೂ ಇದೇ ಕತೆ. ಆಗಸ್ಟ್ 15, ಅಕ್ಟೋಬರ್ 2, ಗಣ್ಯರ ಹುಟ್ಟುಹಬ್ಬ ಅಂತ ಒಂದೇ ದಿನ ಊರಿನ ನಾಲ್ಕು ಕಡೆ ಶಿಬಿರ. ಆದರೆ ತೆಗೆದಿಟ್ಟ ರಕ್ತದ ಕೆಂಪು ಕಣಗಳು ಹೆಚ್ಚೆಂದರೆ 42 ದಿನ ಬಾಳುತ್ತವೆ, ಪ್ಲೇಟ್‌ಲೆಟ್ 5 ದಿನ. ಒಮ್ಮೆ ಕೊಟ್ಟ ಗಂಡಸರು ಮೂರು ತಿಂಗಳು, ಹೆಂಗಸರು ನಾಲ್ಕು ತಿಂಗಳು ಮತ್ತೆ ಕೊಡುವಂತಿಲ್ಲ. ಏಪ್ರಿಲ್, ಮೇನಲ್ಲಿ ಕಾಲೇಜುಗಳಿಗೆ ರಜೆ, ಕೊಡುವ ಹುಡುಗರು ಊರಲ್ಲಿರುವುದಿಲ್ಲ. ಆಗಲೇ ನನ್ನ ಫೋನು ರಾತ್ರಿ ಹನ್ನೊಂದಕ್ಕೆ ಬಡಿದುಕೊಳ್ಳುತ್ತದೆ, “ಸಾರ್, ಓ ನೆಗೆಟಿವ್ ಬೇಕಾಗಿತ್ತು, ಹೆರಿಗೆ ಕೇಸು” ಅಂತ. ನಾಲ್ಕು ಕ್ಲಬ್ಬಿನವರು ಒಂದು ಮಂಗಳವಾರ ಕೂತು ಕ್ಯಾಲೆಂಡರ್ ಹಂಚಿಕೊಂಡರೆ ಸಾಕು.

ಇನ್ನೊಂದು ಮಾತು, ನಮ್ಮವರಿಗೆ ಬೇಸರವಾದರೂ ಹೇಳುತ್ತೇನೆ. ರೋಟರಿಯಾಗಲಿ ಲಯನ್ಸ್ ಆಗಲಿ, ಜುಲೈ 1ಕ್ಕೆ ಹೊಸ ವರ್ಷ, ಹೊಸ ಅಧ್ಯಕ್ಷರು, ಪದಗ್ರಹಣ. ಅಧಿಕಾರ ಒಬ್ಬರಲ್ಲೇ ಉಳಿಯಬಾರದು ಅನ್ನುವ ಆ ಪದ್ಧತಿ ತುಂಬ ಒಳ್ಳೆಯದು. ಆದರೆ ಹೊಸಬರಿಗೆ ತಮ್ಮ ಹೆಸರಿನದೇ ಯೋಜನೆ ಬೇಕು. ಹಳಬರು ಕೊಟ್ಟ ನೀರಿನ ಫಿಲ್ಟರ್ ಶಾಲೆಯ ಮೂಲೆಯಲ್ಲಿ ಕೆಟ್ಟು ನಿಂತಿರುತ್ತದೆ. ಅದರ ಒಳಗೆ ನೀರು ಸೋಸುವ ಕ್ಯಾಂಡಲ್ ಬದಲಾಯಿಸುವ ಖರ್ಚು ಅಲ್ಪ. ಆದರೆ ಕ್ಯಾಂಡಲ್ ಬದಲಾಯಿಸಿದ್ದಕ್ಕೆ ಯಾರೂ ಬ್ಯಾನರ್ ಕಟ್ಟುವುದಿಲ್ಲ. ಆ ಶಾಲೆಯ ಮಕ್ಕಳು ಮತ್ತೆ ಬೋರಿನ ನೀರನ್ನೇ ಬೊಗಸೆಯಲ್ಲಿ ಕುಡಿಯುವುದನ್ನು ನಾನು ಕಣ್ಣಾರೆ ನೋಡಿದ್ದೇನೆ, ಹೊಟ್ಟೆ ಉರಿಯುತ್ತದೆ.

ಅಜ್ಜಿಯ ವಿಷಯ ಆದ ಮೇಲೆ ನಮ್ಮ ಸಭೆಯಲ್ಲಿ ಒಂದು ಹೊಸ ಪುಸ್ತಕ ಇಟ್ಟಿದ್ದೇವೆ. ಕಾರ್ಯದರ್ಶಿಯ ವರದಿ ಮುಗಿದ ಕೂಡಲೇ, ಅತಿಥಿಗಳ ಮಾತಿಗೂ ಮೊದಲು, ಅದನ್ನು ಓದುತ್ತೇವೆ. ಏನು ಕೊಟ್ಟೆವು, ಯಾರಿಗೆ, ಈಗ ಹೇಗಿದೆ, ನೋಡಿ ಬಂದವರು ಯಾರು. ಸರಿಯಾಗಿದ್ದರೆ ಪಿ, ಇಲ್ಲದಿದ್ದರೆ ಎಕ್ಸ್. ಅಧ್ಯಕ್ಷರು ಬದಲಾದರೂ ಪುಸ್ತಕ ಬದಲಾಗುವುದಿಲ್ಲ. ಅದರಲ್ಲಿ ಫಲಾನುಭವಿಗಳ ಫೋಟೋ ಇಲ್ಲ. ಕೈಚಾಚಿದ ಮನುಷ್ಯನ ಮುಖ ಊರಿಗೆಲ್ಲ ತೋರಿಸುವುದು ಬೇಡ ಅಂತ ಹಟ ಹಿಡಿದು ಒಪ್ಪಿಸಿದ್ದೇನೆ.

ಈ ವಾರದ ಪುಸ್ತಕದಲ್ಲಿ ಮೂರು ಎಕ್ಸ್ ಇವೆ. ಒಂದು ಹೊಲಿಗೆ ಯಂತ್ರದ ಬೆಲ್ಟ್ ಕಿತ್ತುಹೋಗಿದೆ, ಒಂದು ಗಾಲಿಕುರ್ಚಿ ಬಾಗಿಲಲ್ಲಿ ಹಿಡಿಸುತ್ತಿಲ್ಲ, ಇನ್ನೊಬ್ಬರ ಕನ್ನಡಕ ಒಡೆದಿದೆ. ನಮ್ಮ ತಾಲ್ಲೂಕಿನವರು ಯಾರಾದರೂ ಇದನ್ನು ಓದುತ್ತಿದ್ದರೆ, ಹೊಲಿಗೆ ಯಂತ್ರ ರಿಪೇರಿ ಬಲ್ಲವರಿದ್ದರೆ, ಮಂಗಳವಾರ ಏಳೂವರೆಗೆ ಬನ್ನಿ. ಸದಸ್ಯರೇ ಆಗಬೇಕೆಂದಿಲ್ಲ. ಊಟ ನಮ್ಮ ಜೊತೆಗೇ.