ರೀಲ್ಸ್ ಆಮೇಲೆ ಮಾಡಿ, ಮೊದಲು ನೂರು ಯೆನ್ ಹಾಕಿ

ಟೋಕಿಯೋಗೆ ಹೋಗಿ ಬಂದ ನಮ್ಮವರ ವಿಡಿಯೋಗಳು ಈಗ ತುಂಬ ಕಾಣುತ್ತವೆ. ಅಲ್ಲಿನ ಅಕಿಹಬಾರಾ ಏರಿಯಾದಲ್ಲಿ ಹಳೇ ವಿಡಿಯೋ ಗೇಮ್ ಮಾರುವ ಸೂಪರ್ ಪೊಟೇಟೊ ಅಂಗಡಿಯ ಮೆಟ್ಟಿಲು ಹತ್ತುತ್ತಾರೆ. ಐದನೇ ಮಹಡಿಯ ಹಳೇ ಗೇಮ್ ಮಷಿನ್‌ಗಳ ಮುಂದೆ ನಿಲ್ಲುತ್ತಾರೆ. ಕಾರ್ಟ್ರಿಜ್‌ಗಳನ್ನು ಜೋಡಿಸಿ ಮಾಡಿದ ಕುರ್ಚಿಯ ಮೇಲೆ ಕೂತು ಫೋಟೋ ತೆಗೆಸಿಕೊಳ್ಳುತ್ತಾರೆ. ಇಳಿದು ಬರುತ್ತಾರೆ. ಒಂದು ಮಷಿನ್‌ಗೂ ಕಾಯಿನ್ ಹಾಕಿರುವುದಿಲ್ಲ. ಅದನ್ನು ನೋಡಿದಾಗೆಲ್ಲ ನನಗೆ ಬೇಜಾರಾಗುತ್ತದೆ. ಯಾಕೆ ಅಂತ ಇವತ್ತು ಸ್ವಲ್ಪ ಉದ್ದಕ್ಕೇ ಬರೆಯುತ್ತೇನೆ.

ಕಾಯಿನ್ ಹಾಕಿ ವಿಡಿಯೋ ಗೇಮ್ ಆಡುವ ಇಂಥ ಜಾಗಗಳನ್ನು ಜಪಾನಿನಲ್ಲಿ ಗೇಮ್ ಸೆಂಟರ್ ಅನ್ನುತ್ತಾರೆ. ಇವು ಮ್ಯೂಸಿಯಂ ಅಲ್ಲ. ಬಾಗಿಲಲ್ಲಿ ಟಿಕೆಟ್ ಇಲ್ಲ. ಯಾರು ಬೇಕಾದರೂ ಒಳಗೆ ಹೋಗಬಹುದು, ಸುಮ್ನೆ ನಿಂತು ನೋಡಬಹುದು. ಬಾಡಿಗೆ, ಕರೆಂಟ್ ಬಿಲ್, ರಿಪೇರಿ ಮಾಡುವವರ ಸಂಬಳ ಎಲ್ಲವೂ ಮಷಿನ್‌ನ ಹೊಟ್ಟೆಗೆ ಬಿದ್ದ ನಾಣ್ಯದಿಂದಲೇ ಬರಬೇಕು. ಯಾವ ಮಷಿನ್‌ಗೆ ನಾಣ್ಯ ಬೀಳುವುದಿಲ್ಲವೋ ಅದು ಸ್ವಲ್ಪ ದಿನದಲ್ಲಿ ಅಲ್ಲಿಂದ ಎದ್ದು ಹೋಗುತ್ತದೆ.

ಆ ನಾಣ್ಯದ ಲೆಕ್ಕವನ್ನೇ ನೋಡಿ. 1978ರಲ್ಲಿ ಟೈಟೊ ಕಂಪನಿ ಶತ್ರುಗಳಿಗೆ ಗುಂಡು ಹೊಡೆಯುವ ಸ್ಪೇಸ್ ಇನ್ವೇಡರ್ಸ್ ಆಟವನ್ನು ಬಿಟ್ಟಾಗ ಒಂದು ಆಟಕ್ಕೆ 100 ಯೆನ್. ಇವತ್ತೂ ಬಹುತೇಕ ಕಡೆ ಒಂದು ಆಟಕ್ಕೆ 100 ಯೆನ್ನೇ. ಕೆಲವು ಹಳೇ ಆಟಗಳಿಗೆ ಇನ್ನೂ ಕಡಿಮೆ, 50 ಯೆನ್. ಈ ನಡುವೆ ಜಪಾನಿನಲ್ಲಿ 1989ರಲ್ಲಿ 3 ಪರ್ಸೆಂಟ್ ಮಾರಾಟ ತೆರಿಗೆ ಬಂತು. 1997ರಲ್ಲಿ ಅದು 5 ಆಯಿತು, 2014ರಲ್ಲಿ 8, 2019ರಲ್ಲಿ 10. ಹೋಟೆಲ್‌ನವರು ಕಾಫಿಯ ಬೆಲೆಯನ್ನು ಹತ್ತು ಯೆನ್ ಏರಿಸಬಹುದು. ಮಷಿನ್ ಇಟ್ಟವರು ಏನು ಮಾಡಬೇಕು? ಅದು ನುಂಗುವುದು ನೂರರ ನಾಣ್ಯ. ನೂರು ಬಿಟ್ಟರೆ ಅದರ ಮೇಲಿನ ನಾಣ್ಯ ಐನೂರರದ್ದು. ಹಾಗಾಗಿ ತೆರಿಗೆ ಏರಿದಷ್ಟೂ ಅಂಗಡಿಯವರ ಪಾಲು ಕರಗುತ್ತಾ ಬಂತು. ಈಗಿನ ಲೆಕ್ಕದಲ್ಲಿ ನೀವು ಹಾಕುವ 100 ಯೆನ್‌ನಲ್ಲಿ ತೆರಿಗೆ ಕಳೆದು ಅವರಿಗೆ ಉಳಿಯುವುದು 91 ಯೆನ್‌ಗಿಂತ ಸ್ವಲ್ಪ ಕಡಿಮೆ.

   

ಇಂಥ ಕಷ್ಟಗಳ ಫಲ ಊರಲ್ಲಿ ಕಣ್ಣಿಗೆ ಹೊಡೆಯುತ್ತದೆ. 1986ರ ಹೊತ್ತಿಗೆ ಜಪಾನಿನಲ್ಲಿ 26 ಸಾವಿರಕ್ಕೂ ಹೆಚ್ಚು ಗೇಮ್ ಸೆಂಟರ್‌ಗಳಿದ್ದವು. 2019ಕ್ಕೆ ಉಳಿದದ್ದು ಸುಮಾರು 4 ಸಾವಿರ. ಅದು ಕೊರೋನಾಕ್ಕಿಂತ ಮುಂಚಿನ ಲೆಕ್ಕ. ಟೋಕಿಯೋ ಪಕ್ಕದ ಕವಾಸಾಕಿಯಲ್ಲಿ ಹಾಂಗ್‌ಕಾಂಗ್‌ನ ಕೌಲೂನ್ ಕೋಟೆ ಅನ್ನುವ ಇಕ್ಕಟ್ಟಾದ ಹಳೇ ವಸತಿಯ ಹಾಗೆ ಕಟ್ಟಿದ್ದ ವೇರ್‌ಹೌಸ್ ಅನ್ನುವ ಗೇಮ್ ಸೆಂಟರ್ 2019ರ ನವೆಂಬರ್‌ನಲ್ಲಿ ಮುಚ್ಚಿತು. ಅಕಿಹಬಾರಾದಲ್ಲಿ ಸೇಗಾ ಅನ್ನುವ ಗೇಮ್ ಕಂಪನಿಯ ಎರಡನೇ ಕಟ್ಟಡ 2020ರ ಆಗಸ್ಟ್‌ನಲ್ಲಿ. ಇಕೆಬುಕುರೊದ ದೊಡ್ಡ ಸೇಗಾ ಸೆಂಟರ್ 2021ರ ಸೆಪ್ಟೆಂಬರ್‌ನಲ್ಲಿ. ಅಷ್ಟರಲ್ಲಾಗಲೇ ಸೇಗಾ ತನ್ನ ಗೇಮ್ ಸೆಂಟರ್ ವ್ಯಾಪಾರದ ಬಹುಪಾಲನ್ನು ಜೆಂಡಾ ಅನ್ನುವ ಕಂಪನಿಗೆ ಮಾರಿತ್ತು. 2022ರಲ್ಲಿ ಉಳಿದದ್ದನ್ನೂ ಕೊಟ್ಟಿತು, ಸೇಗಾ ಬೋರ್ಡ್‌ಗಳ ಜಾಗದಲ್ಲಿ ಗಿಗೋ ಬೋರ್ಡ್‌ಗಳು ಬಂದವು. ತೆರೆದಿರುವ ಸೆಂಟರ್‌ಗಳಲ್ಲೂ ಕೆಳಗಿನ ಮಹಡಿಗಳ ತುಂಬ ಗೊಂಬೆ ಎತ್ತುವ ಕ್ರೇನ್ ಮಷಿನ್‌ಗಳೇ. ಆದಾಯದ ಅರ್ಧಕ್ಕಿಂತ ಜಾಸ್ತಿ ಬರುವುದು ಅವುಗಳಿಂದ. ಅಂಗಡಿಯವರನ್ನು ನಾನು ದೂರುವುದಿಲ್ಲ, ಅವರೂ ಬದುಕಬೇಕು ಅಲ್ವಾ.

"ಆ ಆಟಗಳೆಲ್ಲ ಈಗ ಫೋನಿನಲ್ಲೇ ಸಿಗುತ್ತವಲ್ಲ, ಅಲ್ಲಿಗೇ ಹೋಗಿ ಆಡೋದು ಯಾಕೆ?" ಅಂತ ಸ್ನೇಹಿತರು ಕೇಳುತ್ತಾರೆ. ಬಯಲಲ್ಲಿ ಕೂತು ರಾತ್ರಿಯಿಡೀ ಯಕ್ಷಗಾನ ನೋಡುವುದಕ್ಕೂ ಅದೇ ಪ್ರಸಂಗವನ್ನು ಯೂಟ್ಯೂಬ್‌ನಲ್ಲಿ ನೋಡುವುದಕ್ಕೂ ಎಷ್ಟು ವ್ಯತ್ಯಾಸವೋ ಇಲ್ಲೂ ಅಷ್ಟೇ. ಆ ಕಾಲದಲ್ಲಿ ಆಟ ಬೇರೆ, ಮಷಿನ್ ಬೇರೆ ಆಗಿರಲಿಲ್ಲ. ಸ್ಪೇಸ್ ಇನ್ವೇಡರ್ಸ್ ಮಾಡಿದ ತೊಮೊಹಿರೊ ನಿಶಿಕಾಡೊ ಅದರ ಹಾರ್ಡ್‌ವೇರನ್ನೂ ತಾವೇ ಕೂತು ತಯಾರಿಸಿದರು. ಒಳಗಿದ್ದ ಪ್ರೊಸೆಸರ್ ಇಂಟೆಲ್ 8080. ಪರದೆ ತುಂಬ ಶತ್ರುಗಳನ್ನು ಬಿಡಿಸುವುದು ಅದಕ್ಕೆ ಭಾರವಾಗುತ್ತಿತ್ತು. ಒಂದೊಂದೇ ಶತ್ರು ಸತ್ತ ಹಾಗೆ ಕೆಲಸ ಹಗುರವಾಗಿ ಉಳಿದವರ ಓಟ ಜೋರಾಗುತ್ತಿತ್ತು. ನಿಶಿಕಾಡೊ ಅದನ್ನು ಸರಿಮಾಡಲು ಹೋಗಲಿಲ್ಲ, ಹಾಗೇ ಬಿಟ್ಟರು. ಕೊನೆಯ ಒಬ್ಬ ಶತ್ರು ಓಡುವಾಗ ಎದೆ ಢವಢವ ಅನ್ನುವುದು ಈ ಕಾರಣಕ್ಕೆ.

1985ರ ಹ್ಯಾಂಗ್ ಆನ್ ನೋಡಿ. ಯು ಸುಜುಕಿ ಸೇಗಾಗೆ ಮಾಡಿಕೊಟ್ಟ ಆಟ. ನಿಜವಾದ ಬೈಕಿನ ಅಳತೆಯ ಮಷಿನ್ ಮೇಲೆ ಕೂತು, ಇಡೀ ಮೈಯನ್ನು ಎಡಕ್ಕೆ ಬಲಕ್ಕೆ ವಾಲಿಸಿ ತಿರುವು ದಾಟಬೇಕು. ಟೈಟೊದ ಡೇರಿಯಸ್ ಬಂದದ್ದು 1987ರಲ್ಲಿ. ಕನ್ನಡಿಗಳನ್ನು ಬಳಸಿ ಮೂರು ಪರದೆಗಳನ್ನು ನಡುವೆ ಗೆರೆಯೇ ಕಾಣದ ಹಾಗೆ ಅಕ್ಕಪಕ್ಕ ಜೋಡಿಸಿದ್ದರು. ದೊಡ್ಡ ಮೀನಿನ ಆಕಾರದ ಶತ್ರು ಬಾಹ್ಯಾಕಾಶ ನೌಕೆ ಎದುರಿಗೆ ಬಂದಾಗ ಆಡುವವರು ಕೂತ ಬೆಂಚು ನಡುಗುತ್ತದೆ. ಇದನ್ನು ಆರು ಇಂಚಿನ ಫೋನಿನಲ್ಲಿ ಹೇಗೆ ಆಡುತ್ತೀರಿ? ಚಿತ್ರ ಬರುತ್ತದೆ, ಸದ್ದು ಬರುತ್ತದೆ, ಆಟ ಬರುವುದಿಲ್ಲ.

ಆ ಮಷಿನ್‌ಗಳಿಗೆ ವಯಸ್ಸಾಗಿದೆ. ಹಳೇ ದಪ್ಪ ಟಿವಿಯ ಪಿಕ್ಚರ್ ಟ್ಯೂಬನ್ನು ಈಗ ಹೊಸದಾಗಿ ತರಿಸುವ ಹಾಗಿಲ್ಲ. ಒಂದು ಟ್ಯೂಬ್ ಹೋದರೆ ಇನ್ನೊಂದು ಹಳೇ ಮಷಿನ್‌ನಿಂದ ಬಿಚ್ಚಿ ಹಾಕಬೇಕು. ಒಳಗಿನ ಸರ್ಕ್ಯೂಟ್ ಬೋರ್ಡಿನ ಕೆಪಾಸಿಟರ್‌ಗಳು ಒಣಗುತ್ತವೆ. ಕ್ಯಾಪ್‌ಕಾಮ್ ಅನ್ನುವ ಗೇಮ್ ಕಂಪನಿ 1993ರಿಂದ ಬಳಸಿದ ಸಿಪಿಎಸ್ 2 ಅನ್ನುವ ಬೋರ್ಡುಗಳ ಕತೆ ಇನ್ನೂ ವಿಚಿತ್ರ. ನಕಲಿ ಮಾಡುವವರನ್ನು ತಡೆಯಲು ಆಟಕ್ಕೆ ಬೀಗ ಹಾಕಿ, ಬೀಗದ ಕೀಯನ್ನು ಒಂದು ಪುಟ್ಟ ಬ್ಯಾಟರಿಯ ಬಲದಲ್ಲಿ ನಿಲ್ಲುವ ಮೆಮೊರಿಯಲ್ಲಿ ಇಟ್ಟಿದ್ದರು. ಬ್ಯಾಟರಿ ಸತ್ತರೆ ಕೀ ಅಳಿಸಿ ಹೋಗುತ್ತದೆ, ಬೋರ್ಡು ಸತ್ತ ಹಾಗೇ. ಅವುಗಳನ್ನು ಮತ್ತೆ ಬದುಕಿಸುವ ದಾರಿಯನ್ನು ಕಂಡುಹಿಡಿದವರು ಆಟದ ಮೇಲಿನ ಪ್ರೀತಿಗೆ ವರ್ಷಗಟ್ಟಲೆ ಕೂತ ಹವ್ಯಾಸಿಗಳು. ಅವರ ಬಗ್ಗೆ ನನಗೆ ತುಂಬ ಗೌರವ ಇದೆ.

ಟೋಕಿಯೋದಲ್ಲಿ ನನಗೆ ಎಲ್ಲಕ್ಕಿಂತ ಇಷ್ಟವಾದ ಜಾಗ ತಕದಾನೊಬಾಬಾ ಏರಿಯಾದ ಮಿಕಾಡೊ ಗೇಮ್ ಸೆಂಟರ್. ಎರಡು ಮಹಡಿ, ಇಕ್ಕಟ್ಟು ಜಾಗ, ಮಷಿನ್‌ಗೆ ಮಷಿನ್ ತಾಗಿಕೊಂಡಿದೆ. ಸಂಜೆ ಆಫೀಸ್ ಮುಗಿಸಿದವರು ಕೋಟು, ಬ್ಯಾಗಿನ ಸಮೇತ ಬಂದು ಕೂರುತ್ತಾರೆ. ಪಕ್ಕದಲ್ಲೇ ಕಾಲೇಜು ಹುಡುಗರು. ಆ ಆಟ ಬಂದಾಗ ಅವರು ಹುಟ್ಟಿಯೇ ಇರಲಿಲ್ಲ. ಇಪ್ಪತ್ತು ಮೂವತ್ತು ವರ್ಷ ಹಳೆಯ ಆಟಗಳಿಗೆ ಇಲ್ಲಿ ಈಗಲೂ ಟೂರ್ನಮೆಂಟ್ ನಡೆಯುತ್ತದೆ. ಮೈಕ್ ಹಿಡಿದು ಕಾಮೆಂಟರಿ ಹೇಳುತ್ತಾರೆ, ಲೈವ್‌ನಲ್ಲಿ ಬೇರೆ ದೇಶದವರೂ ನೋಡುತ್ತಾರೆ. ಗೆದ್ದವರಿಗೆ ಚಪ್ಪಾಳೆ, ಚೆನ್ನಾಗಿ ಆಡಿ ಸೋತವರಿಗೂ ಚಪ್ಪಾಳೆ. 2020ರಲ್ಲಿ ಕೊರೋನಾದಿಂದ ಬಾಗಿಲು ಹಾಕಬೇಕಾಗಿ ಬಂದು ಉಳಿಯುವುದೇ ಕಷ್ಟ ಅನ್ನಿಸಿದಾಗ ಅಭಿಮಾನಿಗಳೇ ಹಣ ಕೂಡಿಸಿ ಕೊಟ್ಟು ಆ ಅಂಗಡಿಯನ್ನು ಉಳಿಸಿಕೊಂಡರು.

ಅಲ್ಲಿನ ಫೈಟಿಂಗ್ ಗೇಮ್ ಮಷಿನ್‌ಗಳನ್ನು ಇಟ್ಟಿರುವ ರೀತಿಯನ್ನು ಗಮನಿಸಿ. ಎರಡು ಮಷಿನ್‌ಗಳನ್ನು ಬೆನ್ನಿಗೆ ಬೆನ್ನು ಕೊಟ್ಟು ನಿಲ್ಲಿಸಿರುತ್ತಾರೆ. ಆ ಕಡೆ ಕೂತವರ ಮುಖ ನಿಮಗೆ ಕಾಣುವುದಿಲ್ಲ. ನೀವು ಒಬ್ಬರೇ ಆಡುತ್ತಿರುವಾಗ ಆ ಕಡೆ ಒಂದು ನಾಣ್ಯ ಬೀಳುತ್ತದೆ, ಯಾರೋ ನಿಮ್ಮನ್ನು ಪಂದ್ಯಕ್ಕೆ ಕರೆದಿದ್ದಾರೆ. ಅವರು ಯಾರು, ಎಷ್ಟು ವಯಸ್ಸು, ಏನೂ ಗೊತ್ತಿಲ್ಲ. ಹೊಡೆತ ತಡೆಯುವ ರೀತಿಯಿಂದಲೇ ಅವರ ಸ್ವಭಾವ ಗೊತ್ತಾಗುತ್ತದೆ. ಕೆಲವು ಸೆಂಟರ್‌ಗಳಲ್ಲಿ ಒಂದು ನೋಟ್‌ಬುಕ್ ಇಟ್ಟಿರುತ್ತಾರೆ. ಬಂದವರು ಅದರಲ್ಲಿ ಸ್ಕೋರ್, ಆಟದ ಗುಟ್ಟು, ಚಿತ್ರ ಬರೆದು ಹೋಗುತ್ತಾರೆ, ಇನ್ನೊಬ್ಬರು ಬಂದು ಕೆಳಗೆ ಉತ್ತರ ಬರೆಯುತ್ತಾರೆ. ಜಪಾನಿ ಓದಲು ಬರದಿದ್ದರೂ ಆ ಪುಟಗಳನ್ನು ತಿರುವಿ ಹಾಕಿ.

ನಮ್ಮಲ್ಲಿ ಇದು ಬೇರೆ ಥರ ಇತ್ತು. 90ರ ದಶಕದಲ್ಲಿ ತುಮಕೂರಿನಲ್ಲಿ ಓದುವಾಗ ನಾವು ವಿಡಿಯೋ ಗೇಮ್ ಪಾರ್ಲರ್‌ಗೆ ಹೋಗುತ್ತಿದ್ದೆವು. ಕತ್ತಲೆ ಕೋಣೆ, ಟೋಕನ್, ಒಂದೇ ಮಷಿನ್‌ಗೆ ಭುಜಕ್ಕೆ ಭುಜ ತಾಗಿಸಿ ನಿಂತ ಹುಡುಗರು. ಹಿಂದೆ ನಿಂತವರು ಸಲಹೆ ಕೊಡುತ್ತಲೇ ಇರುತ್ತಿದ್ದರು. ನಮಗೆಲ್ಲ ಅಚ್ಚುಮೆಚ್ಚು ಮುಸ್ತಫಾ ಗೇಮ್. ಅದರ ನಿಜವಾದ ಹೆಸರು ಕ್ಯಾಡಿಲಾಕ್ಸ್ ಅಂಡ್ ಡೈನೋಸಾರ್ಸ್, ಕ್ಯಾಪ್‌ಕಾಮ್ 1993ರಲ್ಲಿ ಬಿಟ್ಟ ಆಟ. ಹಳದಿ ಟೋಪಿಯ ಮುಸ್ತಫಾನಿಂದಾಗಿ ಇಂಡಿಯಾದಲ್ಲೆಲ್ಲ ಅದೇ ಹೆಸರು ನಿಂತಿತು. ಆ ಪಾರ್ಲರ್‌ಗಳು ಸೈಬರ್ ಕೆಫೆ ಆದವು, ಆಮೇಲೆ ಮೊಬೈಲ್ ಅಂಗಡಿ ಆದವು. ಮಷಿನ್‌ಗಳು ಗುಜರಿಗೆ ಹೋದವು. ಒಂದು ಫೋಟೋ ಕೂಡ ನಮ್ಮ ಹತ್ತಿರ ಇಲ್ಲ. ಟೋಕಿಯೋದವರು ಉಳಿಸಿಕೊಂಡಿರುವುದರ ಬೆಲೆ ನನಗೆ ಅಷ್ಟು ದೊಡ್ಡದಾಗಿ ಕಾಣುವುದು ಇದಕ್ಕೇ. ಅಲ್ಲಿ ಸ್ಟಿಕ್ ಹಿಡಿದು ಕೂತಾಗ ನಮ್ಮೂರಿನದ್ದೂ ಸ್ವಲ್ಪ ಉಳಿದಿದೆ ಅನ್ನಿಸುತ್ತದೆ.

ಹೋಗುವವರಿಗೆ ಒಂದೆರಡು ಮಾತು. ಶಿಂಜುಕುವಿನಿಂದ ಯಮನೋತೆ ಲೈನಿನ ರೈಲಿನಲ್ಲಿ ಎರಡನೇ ಸ್ಟಾಪ್ ತಕದಾನೊಬಾಬಾ, ಅಲ್ಲಿಂದ ಮಿಕಾಡೊಗೆ ನಡೆದೇ ಹೋಗಬಹುದು. ಅಕಿಹಬಾರಾದಲ್ಲಿ ಟೈಟೊದವರ ಹೇ ಅನ್ನುವ ಸೆಂಟರ್ ಇದೆ, ಹಳೇ ಶೂಟಿಂಗ್ ಗೇಮ್ ಇಷ್ಟ ಇದ್ದವರು ಅದನ್ನು ಬಿಡಬೇಡಿ. ಮೊದಲೆಲ್ಲ ಇಂಥ ಕಡೆ ಸಿಗರೇಟ್ ಹೊಗೆ ಜಾಸ್ತಿ ಇತ್ತು. 2020ರ ಏಪ್ರಿಲ್‌ನಲ್ಲಿ ಕಾನೂನು ಬಿಗಿಯಾದ ಮೇಲೆ ಆ ತೊಂದರೆ ಇಲ್ಲ, ಮಕ್ಕಳನ್ನೂ ಕರೆದುಕೊಂಡು ಹೋಗಬಹುದು. ಆದರೆ ಸಂಜೆ ಮೇಲೆ ಮಕ್ಕಳನ್ನು ಬಿಡುವುದಕ್ಕೆ ಹೊತ್ತಿನ ನಿಯಮ ಇರುತ್ತದೆ, ಹಗಲಲ್ಲೇ ಹೋಗಿ. ಚಿಲ್ಲರೆ ಕೊಡುವ ಮಷಿನ್ ಒಳಗೇ ಇರುತ್ತದೆ, ಸಾವಿರದ ನೋಟು ಹಾಕಿದರೆ ನೂರರ ಹತ್ತು ನಾಣ್ಯ ಬರುತ್ತದೆ. ಆ ಹತ್ತನ್ನೂ ಅಲ್ಲೇ ಖರ್ಚು ಮಾಡಿ. ಆಡಲು ಬರುವುದಿಲ್ಲ ಅಂತ ಹಿಂಜರಿಯಬೇಡಿ, ಮೊದಲ ನಿಮಿಷದಲ್ಲೇ ಸೋತರೂ ಯಾರೂ ನಗುವುದಿಲ್ಲ. ಫೋಟೋ ತೆಗೆಯಬೇಡಿ ಅಂತ ಬೋರ್ಡ್ ಇದ್ದರೆ ಫೋನ್ ಜೇಬಿನಲ್ಲೇ ಇರಲಿ. ಹಿಂದೆ ಯಾರಾದರೂ ಕಾಯುತ್ತಿದ್ದರೆ ಆಟ ಮುಗಿದ ಕೂಡಲೇ ಎದ್ದು ಜಾಗ ಬಿಡಿ, ಅವರು ಹೇಗೆ ಆಡುತ್ತಾರೆ ಅಂತ ನಿಂತು ನೋಡಿ.